ಮನೇಲೇ ಅಕ್ರಿಲಿಕ್ ಪೇಂಟಿಂಗ್: ಒಂದು ಮಳೆಗಾಲದ ಮಲೆನಾಡು ಬಿಡಿಸ್ತಾ ಕಲಿಯೋದು

ಅಕ್ರಿಲಿಕ್ ಬಗ್ಗೆ ಹೊಸಬರು ಹೇಳೋ ದೂರು ಒಂದೇ, ಬೇಗ ಒಣಗಿಬಿಡುತ್ತೆ ಅಂತ. ಆಕಾಶ ಬ್ಲೆಂಡ್ ಮಾಡ್ತಾ ಇರ್ತೀರ, ಅರ್ಧಕ್ಕೇ ಬಣ್ಣ ಅಂಟಂಟಾಗುತ್ತೆ, ಬ್ರಷ್ ಎಳೆದ್ರೆ ಕೆಳಗಿಂದ ಕಿತ್ಕೊಂಡು ಬರುತ್ತೆ, ಅಷ್ಟರಲ್ಲಿ ಪ್ಯಾಲೆಟ್ ಮೇಲೆ ಹಿಂಡಿಟ್ಟಿದ್ದ ಬಣ್ಣ ಪ್ಲಾಸ್ಟಿಕ್ ಚೂರಾಗಿ ಕೂತಿರುತ್ತೆ. ಎಲ್ಲಾ ನಿಜ. ಆದ್ರೆ ಮನೇಲಿ ಹವ್ಯಾಸಕ್ಕೆ ಬಿಡಿಸೋರು ಅಕ್ರಿಲಿಕ್ಕೇ ತಗೋಬೇಕು ಅಂತ ನಾನ್ ಹೇಳೋಕೆ ಕಾರಣಾನೂ ಅದೇ. ಒಣಗಿದ್ಮೇಲೆ ಅದು ನೀರಿಗೆ ಕರಗಲ್ಲ, ಹಾಗಾಗಿ ಅದರ ಮೇಲೆ ಇನ್ನೊಂದು ಲೇಯರ್ ಹಾಕಿ ನೋಡಿ, ಇಷ್ಟ ಆಗ್ಲಿಲ್ವಾ, ತಕ್ಷಣ ಒದ್ದೆ ಬಟ್ಟೆ ತಗೊಂಡು ಒರೆಸಿ, ಹೊಸದು ಮಾತ್ರ ಹೋಗುತ್ತೆ, ಕೆಳಗಿಂದು ಅಲ್ಲಾಡಲ್ಲ. ವಾಟರ್ ಕಲರ್‌ನಲ್ಲಿ ಈ ಸೌಕರ್ಯ ಇಲ್ಲ, ಆಯಿಲ್‌ನಲ್ಲಿ ದಿನಗಟ್ಟಲೆ ಕಾಯ್ಬೇಕು, ಮೇಲಿಂದ ಟರ್ಪೆಂಟೈನ್ ವಾಸನೆ ಮನೆಯವರಿಗೆಲ್ಲ. ಭಾನುವಾರ ಮಧ್ಯಾಹ್ನ ಎರಡು ಗಂಟೆ ಟೈಮ್ ಸಿಕ್ಕೋರಿಗೆ ಅಕ್ರಿಲಿಕ್ಕೇ ಸರಿ.

ಯಾಕೆ ಹಿಂಗೆ ಒಣಗುತ್ತೆ ಅಂತ ಒಂದ್ಸಲ ತಿಳ್ಕೊಂಡ್ರೆ ಮುಂದೆ ತುಂಬಾ ವಿಷಯ ತಾನಾಗೇ ಅರ್ಥ ಆಗುತ್ತೆ. ಟ್ಯೂಬ್ ಒಳಗೆ ಇರೋದು ಮುಖ್ಯವಾಗಿ ಮೂರು: ಬಣ್ಣದ ಪುಡಿ ಅಂದ್ರೆ ಪಿಗ್ಮೆಂಟ್, ನೀರು, ಮತ್ತೆ ನೀರಲ್ಲಿ ತೇಲ್ತಾ ಇರೋ ಅಕ್ರಿಲಿಕ್ ಪಾಲಿಮರ್‌ನ ತೀರಾ ಸಣ್ಣ ಕಣಗಳು. ನೀರು ಆವಿಯಾಗ್ತಾ ಹೋದಂಗೆ ಆ ಕಣಗಳು ಒಂದಕ್ಕೊಂದು ಒತ್ಕೊಂಡು, ಬೆಸೆದು, ಬಳುಕೋ ಒಂದು ಪದರ ಆಗುತ್ತೆ, ಪಿಗ್ಮೆಂಟ್ ಅದರೊಳಗೆ ಸಿಕ್ಕಾಕೊಳ್ಳುತ್ತೆ. ಒಂದ್ಸಲ ಬೆಸೆದ್ರೆ ವಾಪಸ್ ಬಿಡಿಸೋಕಾಗಲ್ಲ. ಇನ್ನೊಂದು ವಿಷಯ, ಈ ಪಾಲಿಮರ್ ಒದ್ದೆ ಇರೋವಾಗ ಬೆಳ್ಳಗೆ ಮಬ್ಬಾಗಿರುತ್ತೆ, ಒಣಗಿದ್ಮೇಲೆ ಪಾರದರ್ಶಕ ಆಗುತ್ತೆ, ಅದಕ್ಕೇ ನೀವು ಕಲಸಿದಾಗ ನೋಡಿದ ಬಣ್ಣ ಒಣಗಿದ್ಮೇಲೆ ಒಂದು ಶೇಡ್ ಗಾಢ ಆಗಿರುತ್ತೆ. ಹೊಂದಿಸ್ಬೇಕಾದ ಬಣ್ಣ ಇದ್ರೆ ಒಂದು ರದ್ದಿ ಪೇಪರ್ ಮೇಲೆ ಹಚ್ಚಿ, ಹೇರ್ ಡ್ರೈಯರ್‌ನಲ್ಲಿ ಒಣಗಿಸಿ, ಆಮೇಲೆ ಹೋಲಿಸಿ ನೋಡಿ. ಒದ್ದೆ ಬಣ್ಣ ನೋಡಿ ನಿರ್ಧಾರ ಮಾಡ್ಬೇಡಿ.

ಏನ್ ತಗೋಬೇಕು, ಏನ್ ಬೇಡ

24 ಬಣ್ಣದ ಸೆಟ್ ತಗೋಬೇಡಿ, ಇದೊಂದು ಕೇಳಿ. ಆ ಸೆಟ್‌ನಲ್ಲಿ ಅರ್ಧ ಬಣ್ಣ ಉಳಿದರ್ಧವನ್ನ ಕಲಸಿದ್ರೇ ಬರುತ್ತೆ, ಟ್ಯೂಬ್ ಪುಟ್ಟದಾಗಿರುತ್ತೆ, ಬಿಳಿ ಮಾತ್ರ ಎಲ್ಲಕ್ಕಿಂತ ಮುಂಚೆ ಖಾಲಿ ಆಗುತ್ತೆ. ಏಳು ಟ್ಯೂಬ್ ಬಿಡಿ ಬಿಡಿಯಾಗಿ ತಗೊಳ್ಳಿ: ಟೈಟಾನಿಯಂ ವೈಟ್, ಲೆಮನ್ ಯೆಲ್ಲೋ, ಯೆಲ್ಲೋ ಓಕರ್ (ಮಣ್ಣಿನ ಹಳದಿ), ಕ್ರಿಮ್ಸನ್, ಅಲ್ಟ್ರಾಮರೀನ್ ಬ್ಲೂ, ಥ್ಯಾಲೋ ಬ್ಲೂ, ಬರ್ನ್ಟ್ ಸಿಯೆನ್ನಾ (ಕೆಂಗಂದು). ಬಿಳಿ ಮಾತ್ರ ದೊಡ್ಡ ಟ್ಯೂಬ್. ಕಪ್ಪು ಬೇಡ, ಅಲ್ಟ್ರಾಮರೀನ್‌ಗೆ ಬರ್ನ್ಟ್ ಸಿಯೆನ್ನಾ ಸೇರಿಸಿದ್ರೆ ಬರೋ ಕಪ್ಪು ಟ್ಯೂಬ್ ಕಪ್ಪಿಗಿಂತ ಚೆನ್ನಾಗಿರುತ್ತೆ, ನೀಲಿ ಕಡೆಗೆ ಬೇಕಾದ್ರೆ ನೀಲಿ ಕಡೆಗೆ, ಕಂದು ಕಡೆಗೆ ಬೇಕಾದ್ರೆ ಕಂದು ಕಡೆಗೆ ತಿರುಗಿಸ್ಬಹುದು. ಹಸಿರು ಟ್ಯೂಬೂ ಬೇಡ, ಮಲೆನಾಡು ಬಿಡಿಸೋಕೆ ಹೊರಟು ಹಸಿರೇ ಬೇಡ ಅಂತಾನಲ್ಲ ಅನ್ಬೇಡಿ, ಟ್ಯೂಬ್‌ನಿಂದ ನೇರ ಬಂದ ಹಸಿರು ಯಾವ ಎಲೆಯಲ್ಲೂ ಇಲ್ಲ, ಅದರ ಬಗ್ಗೆ ಕೆಳಗೆ ಬರ್ತೀನಿ.

ಬ್ರ್ಯಾಂಡ್ ವಿಷಯಕ್ಕೆ ಬಂದ್ರೆ ಕ್ಯಾಮೆಲ್ ಆರ್ಟಿಸ್ಟ್ ಅಕ್ರಿಲಿಕ್ ಎಲ್ಲಾ ಊರಲ್ಲೂ ಸಿಗುತ್ತೆ, ಕಲಿಯೋಕೆ ಧಾರಾಳ ಸಾಕು. ಬ್ರಸ್ಟ್ರೋ, ವಿನ್ಸರ್ ಅಂಡ್ ನ್ಯೂಟನ್‌ನವರ ಗ್ಯಾಲೇರಿಯಾ, ಡೇಲರ್ ರೌನಿ ಇವೆಲ್ಲ ಆನ್‌ಲೈನ್‌ನಲ್ಲಿ ಅಥವಾ ದೊಡ್ಡ ಊರಿನ ಆರ್ಟ್ ಅಂಗಡಿಗಳಲ್ಲಿ ಸಿಗುತ್ತೆ. ಬಟ್ಟೆಗೆ ಹಾಕೋ ಫೆವಿಕ್ರಿಲ್ ಪುಟ್ಟ ಬಾಟಲಿಗಳು ಮನೇಲಿದ್ರೆ ಅದರಲ್ಲೂ ಪ್ರಾಕ್ಟೀಸ್ ಮಾಡ್ಬಹುದು, ಆದ್ರೆ ತೆಳುವಾಗಿರುತ್ತೆ, ಬ್ರಷ್ ಗುರುತು ನಿಲ್ಲಲ್ಲ. ಟ್ಯೂಬ್ ತಗೊಳ್ಳೋವಾಗ ಹಿಂದೆ ಸಣ್ಣಕ್ಷರದಲ್ಲಿ ಪಿಗ್ಮೆಂಟ್ ಕೋಡ್ ಇದ್ಯಾ ನೋಡಿ. ಅಲ್ಟ್ರಾಮರೀನ್ ಅಂದ್ರೆ ಪಿಬಿ 29, ಥ್ಯಾಲೋ ಬ್ಲೂ ಪಿಬಿ 15, ಟೈಟಾನಿಯಂ ವೈಟ್ ಪಿಡಬ್ಲ್ಯೂ 6. ಕಂಪನಿ ಹೆಸರು ಏನೇ ಇಟ್ಟಿರ್ಲಿ ಕೋಡ್ ಒಂದೇ ಆಗಿದ್ರೆ ಪಿಗ್ಮೆಂಟ್ ಒಂದೇ. ಟ್ಯೂಬ್ ಮೇಲೆ ಒಂದೇ ಒಂದು ಕೋಡ್ ಇರೋ ಬಣ್ಣ ಕಲಸಿದಾಗ ಸ್ವಚ್ಛವಾಗಿ ಬರುತ್ತೆ, ಮೂರು ನಾಲ್ಕು ಕೋಡ್ ಇರೋ ಬಣ್ಣ ಮೊದಲೇ ಕಲಸಿದ್ದು, ಅದಕ್ಕೆ ಇನ್ನೆರಡು ಸೇರಿಸಿದ್ರೆ ಕೆಸರಾಗೋ ಚಾನ್ಸ್ ಜಾಸ್ತಿ.

ಬ್ರಷ್ ನಾಲ್ಕು ಸಾಕು. ಒಂದಿಂಚಿನ ಫ್ಲ್ಯಾಟ್, 8ನೇ ನಂಬರ್ ಫಿಲ್ಬರ್ಟ್ (ತುದಿ ದುಂಡಗಿರೋ ಚಪ್ಪಟೆ ಬ್ರಷ್), 4ನೇ ನಂಬರ್ ರೌಂಡ್, ಮತ್ತೆ ಉದ್ದ ಕೂದಲಿನ ಲೈನರ್ ಒಂದು. ಸಿಂಥೆಟಿಕ್ ಕೂದಲಿಂದೇ ತಗೊಳ್ಳಿ, ವಾಟರ್ ಕಲರ್‌ಗೆ ಅಂತ ಇರೋ ದುಬಾರಿ ಸೇಬಲ್ (ಪ್ರಾಣಿ ಕೂದಲಿನ) ಬ್ರಷ್‌ನ ಅಕ್ರಿಲಿಕ್ಕಿಗೆ ಅದ್ದಿದ್ರೆ ಅದರ ಆಯಸ್ಸು ಮುಗೀತು ಅಂತ ಲೆಕ್ಕ. ಇದರ ಜೊತೆ ಕೂದಲೆಲ್ಲ ಕೆದರಿಹೋಗಿರೋ ಹಳೇ ಬ್ರಷ್ ಒಂದಿದ್ರೆ ಬಿಸಾಕ್ಬೇಡಿ, ಮರದ ಎಲೆಗೆ ಅದರಷ್ಟು ಒಳ್ಳೇದು ಇಲ್ಲ. ಪ್ಯಾಲೆಟ್ ನೈಫ್ ಒಂದು, ನೀರು ಚಿಮುಕಿಸೋ ಸ್ಪ್ರೇ ಬಾಟಲ್ ಒಂದು (ಸಲೂನ್‌ನಲ್ಲಿ ಇರುತ್ತಲ್ಲ ಅಂಥದ್ದು), ಹಳೇ ಬನಿಯನ್ ಬಟ್ಟೆ, ನೀರಿಗೆ ಎರಡು ಡಬ್ಬ. ಗ್ಲಾಸ್ ಮೀಡಿಯಂ (gloss, ಗಾಜಲ್ಲ, ಹೊಳಪು ಅಂತ ಅರ್ಥ) ಅಂತ ಬಣ್ಣ ತೆಳು ಮಾಡೋ ದ್ರವ ಸಿಗುತ್ತೆ, ಸಣ್ಣ ಬಾಟಲ್ ಒಂದು ತಗೊಳ್ಳಿ, ಮಂಜು ಬಿಡಿಸೋಕೆ ಬೇಕು. ಈಸಲ್ ಇಲ್ದಿದ್ರೆ ಪರವಾಗಿಲ್ಲ, ಟೇಬಲ್ ಮೇಲೆ ನಾಲ್ಕು ದಪ್ಪ ಪುಸ್ತಕಕ್ಕೆ ಒರಗಿಸಿದ್ರೂ ನಡೆಯುತ್ತೆ.

ಗೆಸ್ಸೋ ಹಚ್ಚೋದು

ಮೊದಮೊದಲು ಸ್ಟ್ರೆಚ್ಡ್ ಕ್ಯಾನ್ವಾಸ್‌ಗೆ (ಮರದ ಚೌಕಟ್ಟಿಗೆ ಬಿಗಿದ ಬಟ್ಟೆ) ದುಡ್ಡು ಹಾಕ್ಬೇಡಿ. 12×16 ಇಂಚಿನ ಕ್ಯಾನ್ವಾಸ್ ಬೋರ್ಡ್ ಆಗ್ಬಹುದು, ಇಲ್ಲಾಂದ್ರೆ ಪ್ಲೈವುಡ್ ಅಂಗಡೀಲಿ ತೆಳು ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಅದೇ ಸೈಜಿಗೆ ಕತ್ತರಿಸಿ ಕೊಡ್ತಾರೆ, ಅದು ಇನ್ನೂ ಅಗ್ಗ. 300 ಜಿಎಸ್‌ಎಂ ದಪ್ಪ ಪೇಪರ್ ಕೂಡ ಸರಿ, ಅಂಚಿಗೆ ಟೇಪ್ ಹಾಕಿ ಬೋರ್ಡಿಗೆ ಅಂಟಿಸ್ಕೊಳ್ಳಿ.

ಗೋಡೆಗೆ ಪೇಂಟ್ ಹೊಡೆಯೋ ಮುಂಚೆ ಪ್ರೈಮರ್ ಹಾಕ್ತೀವಲ್ಲ, ಗೆಸ್ಸೋ ಕೆಲಸಾನೂ ಅದೇ. ಒಳಗೆ ಇರೋದು ಅಕ್ರಿಲಿಕ್, ಸೀಮೆಸುಣ್ಣದ ಜಾತಿಯ ಪುಡಿ ಮತ್ತೆ ಟೈಟಾನಿಯಂ ಬಿಳಿ. ಆ ಪುಡಿಯಿಂದ ಮೇಲ್ಮೈ ಸ್ವಲ್ಪ ತರಿತರಿ ಆಗಿ ಬಣ್ಣ ಹಿಡ್ಕೊಳ್ಳುತ್ತೆ, ಎಂಡಿಎಫ್ ಆದ್ರೆ ಬಣ್ಣದ ನೀರನ್ನ ಕುಡಿಯೋದೂ ನಿಲ್ಲುತ್ತೆ. ಮೈಸೂರು ಶೈಲಿ ಚಿತ್ರಗಳಲ್ಲಿ ಚಿನ್ನದ ಹಾಳೆ ಕೂರಿಸೋ ಮುಂಚೆ ಉಬ್ಬುಬ್ಬಾಗಿ ಎಳೆಯೋ ಗೆಸ್ಸೋ ಕೆಲಸ ಬೇರೆ, ಅದರ ಹದವೇ ಬೇರೆ, ಅದನ್ನ ಇದಕ್ಕೆ ಬೆರೆಸ್ಕೋಬೇಡಿ. ಫ್ಲ್ಯಾಟ್ ಬ್ರಷ್‌ನಲ್ಲಿ ಒಂದು ಕೋಟ್ ಅಡ್ಡಡ್ಡ, ಒಣಗಿದ್ಮೇಲೆ ಇನ್ನೊಂದು ಉದ್ದುದ್ದ, ನಡುವೆ 220 ನಂಬರ್ ಉಪ್ಪುಕಾಗದದಲ್ಲಿ ಮೆಲ್ಲಗೆ ಉಜ್ಜಿ, ಬಾಲ್ಕನೀಲಿ ಉಜ್ಜಿ, ಮಾಸ್ಕ್ ಹಾಕ್ಕೊಳ್ಳಿ, ಆ ಧೂಳು ಮೂಗಿಗೆ ಹೋಗ್ಬಾರ್ದು. ಎಂಡಿಎಫ್‌ನ ಹಿಂಭಾಗಕ್ಕೂ ಒಂದು ಕೋಟ್ ಹಚ್ಚಿದ್ರೆ ಬೋರ್ಡ್ ಬಾಗಲ್ಲ. ಅಂಗಡಿ ಕ್ಯಾನ್ವಾಸ್ ಬೋರ್ಡಿಗೆ ಗೆಸ್ಸೋ ಮೊದಲೇ ಹಾಕಿರ್ತಾರೆ, ಆದ್ರೂ ಅಗ್ಗದ್ದರಲ್ಲಿ ಇನ್ನೊಂದು ಕೋಟ್ ಹಾಕಿದ್ರೆ ಬ್ರಷ್ ಓಡೋದೇ ಬೇರೆ ಥರ. ಗೆಸ್ಸೋ ದುಬಾರಿ ಅನ್ಸಿದ್ರೆ ನೀರಲ್ಲಿ ಕಲಸೋ ಅಕ್ರಿಲಿಕ್ ವಾಲ್ ಪ್ರೈಮರ್ ಪ್ರಾಕ್ಟೀಸ್ ಬೋರ್ಡ್‌ಗಳಿಗೆ ನಡೆಯುತ್ತೆ, ಯಾರಿಗಾದ್ರೂ ಮಾರೋ ಚಿತ್ರಕ್ಕೆ ಬೇಡ.

ಫ್ಯಾನ್ ಆಫ್ ಮಾಡಿ

ಹೌದು, ಮೊದಲ ಕೆಲಸ ಅದು. ತಲೆ ಮೇಲೆ ಫ್ಯಾನ್ ಫುಲ್ ಸ್ಪೀಡಲ್ಲಿ ತಿರುಗ್ತಾ ಇದ್ರೆ ಯಾವ ಕಂಪನಿ ಬಣ್ಣವೂ ನಿಲ್ಲಲ್ಲ. ತೆಳು ಲೇಯರ್ ಸಾಮಾನ್ಯವಾಗಿ 10ರಿಂದ 20 ನಿಮಿಷದಲ್ಲಿ ಮುಟ್ಟೋಕೆ ಒಣಗಿರುತ್ತೆ, ಕಲಬುರಗಿ ರಾಯಚೂರು ಕಡೆ ಏಪ್ರಿಲ್ ಮೇ ಬಿಸಿಲಲ್ಲಿ ಅದಕ್ಕಿಂತ ಎಷ್ಟೋ ಬೇಗ, ಅದೇ ಉಡುಪಿ ಮಂಗಳೂರಲ್ಲಿ ಜುಲೈ ತಿಂಗಳಲ್ಲಿ ಕೂತ್ರೆ ಗಾಳೀಲೇ ನೀರು ತುಂಬಿರೋದ್ರಿಂದ ಒಣಗೋಕೇ ಮನಸ್ಸು ಮಾಡಲ್ಲ, ಹೇರ್ ಡ್ರೈಯರ್ ಬೇಕಾಗುತ್ತೆ. ಹಾಗಾಗಿ ಬೇರೆ ದೇಶದ ವಿಡಿಯೋದಲ್ಲಿ ಹೇಳಿದ ಟೈಮಿಂಗ್ ನಮ್ಮನೇಲಿ ಹೊಂದಲ್ಲ, ನಿಮ್ಮೂರಿನ ಹವೆ ನೋಡಿ ನೀವೇ ಅಂದಾಜು ಮಾಡ್ಬೇಕು.

ಪ್ಯಾಲೆಟ್ ಒಣಗ್ದಂಗೆ ಇಡೋಕೆ ವೆಟ್ ಪ್ಯಾಲೆಟ್ ಅಂತ ಮಾರ್ತಾರೆ, ತಗೋಬೇಕಾಗಿಲ್ಲ. ಗಟ್ಟಿ ಮುಚ್ಚಳದ ಅಗಲವಾದ ಪ್ಲಾಸ್ಟಿಕ್ ಡಬ್ಬ ತಗೊಳ್ಳಿ, ಒಳಗೆ ಟಿಶ್ಯೂ ಪೇಪರ್ ನಾಲ್ಕೈದು ಮಡಿಕೆ ಹಾಸಿ, ನೀರು ಹಾಕಿ ಪೂರ್ತಿ ನೆನೆಸಿ, ನಿಂತ ನೀರು ಚೆಲ್ಲಿ, ಅದರ ಮೇಲೆ ಬೇಕಿಂಗ್‌ಗೆ ಬಳಸೋ ಬಟರ್ ಪೇಪರ್ ಹಾಸಿ. ಬಣ್ಣ ಆ ಪೇಪರ್ ಮೇಲೆ. ಕೆಳಗಿಂದ ತೇವ ಮೆಲ್ಲಗೆ ಏರ್ತಾ ಇರುತ್ತೆ, ಮುಚ್ಚಳ ಹಾಕಿಟ್ರೆ ಮರುದಿನ ಸಂಜೆಗೂ ಬಣ್ಣ ಮೆತ್ತಗೇ ಇರುತ್ತೆ. ತುಂಬಾ ದಿನ ಇಟ್ರೆ ಬೂಷ್ಟು ಬಂದು ವಾಸನೆ ಹೊಡೆಯುತ್ತೆ, ಟಿಶ್ಯೂ ಬದಲಾಯಿಸಿ. ಆ ಡಬ್ಬ ಮತ್ತೆ ಅಡುಗೆಮನೆಗೆ ಹೋಗ್ಬಾರ್ದು, ಮೇಲೆ ದೊಡ್ಡಕ್ಷರದಲ್ಲಿ ಪೇಂಟ್ ಅಂತ ಬರೆದಿಡಿ. ಒಣಗೋದು ನಿಧಾನ ಮಾಡೋಕೆ ರಿಟಾರ್ಡರ್ ಅಂತ ಬಾಟಲಿ ಸಿಗುತ್ತೆ, ಒಂದೆರಡು ಹನಿ ಸರಿ, ಜಾಸ್ತಿ ಆದ್ರೆ ಲೇಯರ್ ದಿನಗಟ್ಟಲೆ ಅಂಟಂಟಾಗೇ ಉಳ್ಕೊಳ್ಳುತ್ತೆ.

ಬೆಳಕು: ಕಿಟಕಿ ಪಕ್ಕ ಹಗಲಲ್ಲಿ ಕೂರೋದು ಒಳ್ಳೇದು, ಉತ್ತರ ದಿಕ್ಕಿನ ಕಿಟಕಿ ಇದ್ರೆ ನೇರ ಬಿಸಿಲು ಬೀಳೋದು ಕಮ್ಮಿ. ರಾತ್ರಿ ಹಳದಿ ಬಲ್ಬಿನಡಿ ಕಲಸಿದ ನೀಲಿ ಬೆಳಗ್ಗೆ ನೋಡಿದ್ರೆ ಬೇರೆ ಏನೋ ಆಗಿರುತ್ತೆ, ಬಿಳಿ ಎಲ್‌ಇಡಿ ಹಾಕ್ಕೊಳ್ಳಿ.

ಇನ್ನು ಚಿತ್ರ

ಮಲೆನಾಡು ಯಾಕೆ ಆರಿಸ್ಕೊಂಡೆ ಅಂದ್ರೆ ಅದು ಲೇಯರ್‌ಗಳಲ್ಲೇ ಇದೆ. ಮಳೆಗಾಲದಲ್ಲಿ ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಕಡೆ ನಿಂತು ನೋಡಿದ್ರೆ ಹಿಂದೆ ಬೂದು ಆಕಾಶ, ಅದರ ಮುಂದೆ ಒಂದರ ಹಿಂದೊಂದು ಬೆಟ್ಟ, ನಡುವೆ ಮಂಜು, ಮುಂದೆ ಕತ್ತಲೆ ತುಂಬಿದ ಅಡಿಕೆ ತೋಟ, ಅಂಚಲ್ಲಿ ಹೆಂಚಿನ ಮನೆ, ಕೆಂಪು ದಾರಿ. ಹಿಂದಿಂದ ಮುಂದಕ್ಕೆ ಒಂದೊಂದೇ ಹಾಕ್ತಾ, ಒಣಗಿಸ್ತಾ ಬರೋದು, ಅಕ್ರಿಲಿಕ್ಕಿಗೆ ಇದಕ್ಕಿಂತ ಹೊಂದೋ ವಿಷಯ ಇಲ್ಲ. ಎಲ್ಲರೂ ಮಾಡೋ ಆ ಕಿತ್ತಳೆ ಸೂರ್ಯಾಸ್ತ, ಮುಂದೆ ಕಪ್ಪು ತೆಂಗಿನಮರ, ಅದನ್ನ ದಯವಿಟ್ಟು ಬಿಡಿ, ಅದರಿಂದ ಕಲಿಯೋದು ಕಮ್ಮಿ.

ನೀವೇ ತೆಗೆದ ಫೋಟೋ ಇದ್ರೆ ಒಳ್ಳೇದು. ಫೋನಲ್ಲಿ ಅದನ್ನ ಬ್ಲ್ಯಾಕ್ ಅಂಡ್ ವೈಟ್ ಮಾಡಿ ಒಂದ್ಸಲ ನೋಡಿ, ಯಾವುದು ತಿಳಿ, ಯಾವುದು ಗಾಢ ಅಂತ ಆಗ ಕಾಣುತ್ತೆ, ಬಣ್ಣ ಹೆಚ್ಚುಕಮ್ಮಿ ಆದ್ರೂ ಚಿತ್ರ ನಿಲ್ಲುತ್ತೆ, ಈ ತಿಳಿ ಗಾಢ ತಪ್ಪಿದ್ರೆ ನಿಲ್ಲಲ್ಲ. ಬೋರ್ಡಿಗೆ ಮೊದಲು ಬರ್ನ್ಟ್ ಸಿಯೆನ್ನಾನ ನೀರಾಗಿ ಕಲಸಿ ಪೂರ್ತಿ ಬಳಿದುಬಿಡಿ, ಬಟ್ಟೇಲಿ ಒರೆಸಿ ತೆಳು ಮಾಡಿ. ಬಿಳಿ ಬೋರ್ಡ್ ನೋಡಿದ್ರೆ ಆಗೋ ಭಯ ಹೋಗುತ್ತೆ ಅನ್ನೋದು ಒಂದು, ಆಮೇಲೆ ಹಸಿರಿನ ಸಂದಿಯಲ್ಲಿ ಅಲ್ಲಲ್ಲಿ ಈ ಕೆಂಪು ಇಣುಕಿದ್ರೆ ಹಸಿರಿಗೆ ಜೀವ ಬರುತ್ತೆ ಅನ್ನೋದು ಇನ್ನೊಂದು. ಒಣಗಿದ್ಮೇಲೆ ತಿಳಿಯಾಗಿ ಪೆನ್ಸಿಲ್ ಸ್ಕೆಚ್, ವಿವರ ಏನೂ ಬೇಡ, ಬೆಟ್ಟದ ಗೆರೆ, ತೋಟದ ಗಡಿ, ಮನೆಯ ಡಬ್ಬ, ದಾರಿ. ನೆಲ ಆಕಾಶ ಸೇರೋ ಗೆರೆ ಸರಿಯಾಗಿ ಮಧ್ಯಕ್ಕೆ ಬರೋದು ಬೇಡ.

ಆಕಾಶಕ್ಕೆ ಅಲ್ಟ್ರಾಮರೀನ್, ಬರ್ನ್ಟ್ ಸಿಯೆನ್ನಾ ಸೇರಿಸಿ ಬೂದು ಮಾಡ್ಕೊಂಡು ಬಿಳಿಗೆ ಅದನ್ನ ಸ್ವಲ್ಪ ಸ್ವಲ್ಪ ಬೆರೆಸಿ, ಬಿಳಿಯನ್ನ ಬೂದಿಗೆ ಹಾಕೋಕೆ ಹೋದ್ರೆ ಅರ್ಧ ಟ್ಯೂಬ್ ಖಾಲಿ ಆಗುತ್ತೆ. ಮೂರು ಗುಡ್ಡೆ ಮಾಡಿ: ಮೇಲಕ್ಕೆ ಗಾಢ, ಮಧ್ಯಕ್ಕೆ ನಡುಮಟ್ಟ, ಬೆಟ್ಟದ ಹತ್ರಕ್ಕೆ ತಿಳಿ. ಎಲ್ಲಾ ಮೊದಲೇ ಕಲಸಿಟ್ಕೊಂಡು, ಬೋರ್ಡ್ ಮೇಲೆ ನೀರು ಒಂದ್ಸಲ ಸ್ಪ್ರೇ ಮಾಡಿ, ಒಂದಿಂಚಿನ ಫ್ಲ್ಯಾಟ್‌ನಲ್ಲಿ ನಿಲ್ಲಿಸದೆ ಮೂರನ್ನೂ ಹಚ್ಚಿ, ಸೇರೋ ಜಾಗದಲ್ಲಿ ಬರೀ ಒದ್ದೆ ಬ್ರಷ್ ಅತ್ತಿಂದಿತ್ತ ಓಡಿಸಿ. ಎಳೀತಾ ಬ್ರಷ್ ಅಂಟ್ತಾ ಇದೆ ಅನ್ಸಿದ ಕ್ಷಣ ಕೈ ತೆಗೀರಿ. ಒತ್ತಾಯಕ್ಕೆ ಉಜ್ಜಿದ್ರೆ ತೂತು ಬೀಳುತ್ತೆ. ಪೂರ್ತಿ ಒಣಗಿಸಿ ಎರಡನೇ ಸಲ ಹಾಕಿ, ಎರಡನೇ ಲೇಯರ್‌ಗೇ ಆಕಾಶ ನುಣುಪಾಗೋದು, ಒಂದೇ ಸಲಕ್ಕೆ ಯಾರಿಗೂ ಬರಲ್ಲ.

ಬೆಟ್ಟಗಳಲ್ಲಿ ತೀರಾ ದೂರದ್ದಕ್ಕೆ ಆಕಾಶದ ಬೂದುಗೇ ಚೂರು ಅಲ್ಟ್ರಾಮರೀನ್ ಸೇರಿಸಿದ್ರೆ ಸಾಕು, ಹಸಿರು ಬೇಡವೇ ಬೇಡ. ಮಧ್ಯದ ಬೆಟ್ಟಕ್ಕೆ ಅದೇ ಬಣ್ಣಕ್ಕೆ ಓಕರ್ ಸ್ವಲ್ಪ, ನೀಲಿ ಹಸಿರು ಮಬ್ಬು ಬರುತ್ತೆ. ಹತ್ತಿರದ್ದಕ್ಕೆ ಇನ್ನೂ ಓಕರ್, ಬಿಳಿ ಕಮ್ಮಿ. ದೂರ ಹೋದಂಗೆ ನಡುವಿನ ಗಾಳಿ, ತೇವ ಜಾಸ್ತಿ ಆಗಿ ಗಾಢ ಬಣ್ಣ ಎಲ್ಲ ತಿಳಿಯಾಗಿ ನೀಲಿ ಕಡೆಗೆ ವಾಲುತ್ತೆ, ಅಂಚು ಮಸುಕಾಗುತ್ತೆ. ಹಿಂದಿನ ಬೆಟ್ಟದಲ್ಲಿ ಮರ ಮರ ಬಿಡಿಸೋಕೆ ಕೂತ್ರೆ ಆ ಬೆಟ್ಟ ಎದ್ದು ಮುಂದಕ್ಕೆ ಬಂದುಬಿಡುತ್ತೆ.

ಈಗ ಮಂಜು, ಇಡೀ ಚಿತ್ರದಲ್ಲಿ ನಂಗೆ ಇಷ್ಟದ ಭಾಗ ಇದು. ಬೆಟ್ಟಗಳು ಪೂರ್ತಿ ಒಣಗಿರ್ಬೇಕು. ಬಿಳಿಗೆ ಆಕಾಶದ ಬೂದು ಒಂದು ಚುಕ್ಕೆ ಹಾಕಿ, ಗ್ಲಾಸ್ ಮೀಡಿಯಂನಲ್ಲಿ ತೆಳುವಾಗಿ ಕಲಸಿ. ನೀರಲ್ಲಿ ತೆಳು ಮಾಡಿದ್ರೆ ಒಣಗಿದ ಲೇಯರ್ ಮೇಲೆ ಹನಿ ಹನಿಯಾಗಿ ಒಡೆಯುತ್ತೆ, ಪಾಲಿಮರ್ ಕಮ್ಮಿಯಾಗಿ ಹಿಡಿತ ತಪ್ಪುತ್ತೆ, ಮೀಡಿಯಂ ಅಂದ್ರೆ ಪಿಗ್ಮೆಂಟ್ ಇಲ್ಲದ ಅದೇ ಪಾಲಿಮರ್, ಹಾಗಾಗಿ ಎಷ್ಟು ತೆಳು ಮಾಡಿದ್ರೂ ಗಟ್ಟಿಯಾಗೇ ಕೂರುತ್ತೆ. ಎರಡು ಬೆಟ್ಟದ ನಡುವಿನ ಕಣಿವೇಲಿ ಇದನ್ನ ಅಡ್ಡಡ್ಡ ಹಚ್ಚಿ, ತಕ್ಷಣ ಬನಿಯನ್ ಬಟ್ಟೆ ಬೆರಳಿಗೆ ಸುತ್ಕೊಂಡು ಮೇಲಂಚನ್ನ ತಟ್ಟಿ ತಟ್ಟಿ ಕರಗಿಸಿ. ಕೆಳಗಡೆ ದಟ್ಟ, ಮೇಲೆ ಹೋಗ್ತಾ ಏನೂ ಇಲ್ಲ, ಹಂಗಿರ್ಬೇಕು. ಚೆನ್ನಾಗಿ ಬರ್ಲಿಲ್ವಾ, ಒದ್ದೆ ಬಟ್ಟೇಲಿ ಒರೆಸಿಹಾಕಿ ಮತ್ತೆ ಮಾಡಿ, ಬೆಟ್ಟಕ್ಕೆ ಏನೂ ಆಗಲ್ಲ. ಬಂತಾ, ಒಣಗಿಸಿ ಅದರ ಮೇಲೆ ಇನ್ನೊಂದು. ಮೂರು ನಾಲ್ಕು ತೆಳು ಲೇಯರ್ ಸೇರಿದಾಗ ಬರೋ ಆಳ ಒಂದು ದಪ್ಪ ಬಿಳಿ ಲೇಯರ್‌ನಿಂದ ಬರಲ್ಲ.

ಹಸಿರಿನ ಕಥೆ

ಟ್ಯೂಬ್ ಹಸಿರು ಬೇಡ ಅಂದೆನಲ್ಲ. ನಿಮ್ಮತ್ರ ಎರಡು ನೀಲಿ, ಎರಡು ಹಳದಿ ಇದೆ, ಅದರಲ್ಲೇ ನಾಲ್ಕು ಹಸಿರು. ಥ್ಯಾಲೋ ಬ್ಲೂ ಜೊತೆ ಲೆಮನ್ ಯೆಲ್ಲೋ ಹಾಕಿದ್ರೆ ಹೊಸದಾಗಿ ನಾಟಿ ಮಾಡಿದ ಗದ್ದೆಯ ಕಣ್ಣು ಕುಕ್ಕೋ ಹಸಿರು, ಆದ್ರೆ ಥ್ಯಾಲೋನ ಬ್ರಷ್ ತುದೀಲಿ ಸೂಜಿಮೊನೆಯಷ್ಟೇ ತಗೊಳ್ಳಿ, ಅದರ ಶಕ್ತಿ ವಿಪರೀತ, ಹೆಚ್ಚಾದ್ರೆ ಲೆಮನ್ ಯೆಲ್ಲೋ ಟ್ಯೂಬೇ ಸುರೀಬೇಕು. ಅಲ್ಟ್ರಾಮರೀನ್ ಮತ್ತೆ ಲೆಮನ್ ಯೆಲ್ಲೋ ಸೇರಿದ್ರೆ ಸ್ವಲ್ಪ ಮಂಕಾದ ಸಾಧಾರಣ ಮರದ ಹಸಿರು. ಅಲ್ಟ್ರಾಮರೀನ್ ಮತ್ತೆ ಓಕರ್ ಅಂದ್ರೆ ಪಾಚಿ, ಒಣಹುಲ್ಲಿನ ಕಡೆಯ ಹಸಿರು. ಥ್ಯಾಲೋ ಜೊತೆ ಓಕರ್ ಹಾಕಿ ಅದಕ್ಕೆ ಬರ್ನ್ಟ್ ಸಿಯೆನ್ನಾ ಬೆರೆಸಿದ್ರೆ ತೋಟದೊಳಗಿನ ಕತ್ತಲೆ. ಯಾವ ಹಸಿರು ಜಾಸ್ತಿ ಕಿರುಚ್ತಾ ಇದೆ ಅನ್ಸಿದ್ರೂ ಬರ್ನ್ಟ್ ಸಿಯೆನ್ನಾ ಇಲ್ಲಾ ಕ್ರಿಮ್ಸನ್ ಒಂದು ಚೂರು, ಸುಮ್ಮನಾಗುತ್ತೆ.

ಅಡಿಕೆ ತೋಟಕ್ಕೆ ಮೊದಲು ಕತ್ತಲೆ ಹಾಕಿ, ಮರ ಆಮೇಲೆ. ಆ ಗಾಢ ಮಿಶ್ರಣದಲ್ಲಿ ತೋಟದ ಆಕಾರ ಇಡಿಯಾಗಿ ತುಂಬಿ, ಮೇಲಿನ ಅಂಚನ್ನ ಕೆದರಿದ ಬ್ರಷ್‌ನಲ್ಲಿ ತಟ್ಟಿ ಒಡೆದುಬಿಡಿ. ಒಣಗಿದ್ಮೇಲೆ ಲೈನರ್‌ಗೆ ಬೂದು ಬಿಳಿ ಬಣ್ಣ ಸ್ವಲ್ಪ ನೀರಾಗಿ ತಗೊಂಡು ಕಾಂಡಗಳನ್ನ ಕೆಳಗಿಂದ ಮೇಲಕ್ಕೆ ಒಂದೇ ಉಸಿರಿಗೆ ಎಳೀರಿ. ಅಡಿಕೆ ಮರ ತೆಳ್ಳಗೆ, ನೆಟ್ಟಗೆ, ತಲೆ ಚಿಕ್ಕದು. ವಾಲಿಸಿ, ತಲೆ ದೊಡ್ಡ ಮಾಡಿದ್ರೆ ತೆಂಗು ಆಗೋಗುತ್ತೆ, ಊರ ಕಡೆಯವರು ನೋಡಿದ್ರೆ ಮೊದಲು ಹೇಳೋದೇ ಅದು. ಎಲ್ಲಾ ಕಾಂಡ ಒಂದೇ ದಪ್ಪ, ಒಂದೇ ಅಂತರ ಬೇಡ, ಮುಂದಿನ ನಾಲ್ಕೈದಕ್ಕೆ ಮಾತ್ರ ಬಿಳಿ ಜಾಸ್ತಿ, ಹಿಂದಿನವು ಕತ್ತಲೆಯಲ್ಲಿ ಅರ್ಧಂಬರ್ಧ ಕಂಡ್ರೆ ಸಾಕು. ಮುಂದಿನವಕ್ಕೆ ಕಾಂಡದ ಮೇಲೆ ಬಳೆ ಗುರುತು ಅಲ್ಲೊಂದು ಇಲ್ಲೊಂದು. ಸೋಗೆಗೆ ಫಿಲ್ಬರ್ಟ್‌ನ ಅಂಚು ಒತ್ತಿ ಎತ್ತಿ, ಒಂದು ಮರಕ್ಕೆ ಆರೇಳು ಸಾಕು.

ಮನೆ ಹೆಂಚಿಗೆ ಬರ್ನ್ಟ್ ಸಿಯೆನ್ನಾನೇ ನೇರ ಬಳಸಿ, ಹೊಂದುತ್ತೆ, ಯಾಕಂದ್ರೆ ಮಂಗಳೂರು ಹೆಂಚಿನ ಕೆಂಪು, ದಾರಿಯ ಜಂಬಿಟ್ಟಿಗೆ ಮಣ್ಣಿನ ಕೆಂಪು, ಈ ಟ್ಯೂಬ್‌ನ ಕೆಂಪು ಮೂರೂ ಕಬ್ಬಿಣದ ಆಕ್ಸೈಡ್‌ನಿಂದ ಬಂದಿದ್ದೇ. ಬಾಸೆಲ್ ಮಿಷನ್ ಅನ್ನೋ ಕ್ರೈಸ್ತ ಮಿಷನರಿ ಸಂಸ್ಥೆಯವರು 1865ರಲ್ಲಿ ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ಮೇಲೆ ಈ ಹೆಂಚು ಕರಾವಳಿ ಮಲೆನಾಡಿನ ಮನೆಗಳ ಮೇಲೆಲ್ಲ ಕೂತಿದ್ದು. ಮಾಡಿನ ನೇರ ಅಂಚಿಗೆ ಮಾಸ್ಕಿಂಗ್ ಟೇಪ್ ಹಾಕಿ, ಒಣಗಿದ ಲೇಯರ್ ಮೇಲೆ ಹಾಕಿದ್ರೆ ಕಿತ್ತು ಬರಲ್ಲ, ಟೇಪ್ ತೆಗೆಯೋದು ಮಾತ್ರ ಮೇಲಿನ ಬಣ್ಣ ಇನ್ನೂ ಹಸಿ ಇರೋವಾಗ್ಲೇ. ಹೆಂಚು ಒಂದೊಂದೇ ಬಿಡಿಸ್ಬೇಡಿ, ಸಾಲಿನ ಗೆರೆ ನಾಲ್ಕೈದು, ಮಳೆಗಾಲ ಅಲ್ವಾ, ಅಲ್ಲಲ್ಲಿ ಪಾಚಿ ಹಸಿರು, ಸೂರಿನ ಕೆಳಗೆ ಅಲ್ಟ್ರಾಮರೀನ್ ಬರ್ನ್ಟ್ ಸಿಯೆನ್ನಾದ ಕಪ್ಪು ನೆರಳು. ಆ ನೆರಳು ಹಾಕಿದ ತಕ್ಷಣ ಮನೆ ನೆಲಕ್ಕೆ ಕೂರುತ್ತೆ.

ಮಳೆ ತೋರಿಸೋಕೆ ಓರೆ ಗೆರೆಗಳನ್ನ ಎಳೆಯೋದು ಬೇಡ, ಕ್ಯಾಲೆಂಡರ್ ಚಿತ್ರ ಆಗುತ್ತೆ. ನೆಲ ಒದ್ದೆ ಇದೆ ಅಂತ ತೋರಿಸಿ. ಕೆಂಪು ದಾರಿ ಒಣಗಿದ್ಮೇಲೆ ಅದರ ಮೇಲೆ ಮೀಡಿಯಂನಲ್ಲಿ ತೆಳು ಮಾಡಿದ ಬರ್ನ್ಟ್ ಸಿಯೆನ್ನಾ, ಅಲ್ಟ್ರಾಮರೀನ್ ಮಿಶ್ರಣ ಬಳಿದು ಗಾಢ ಮಾಡಿ, ಒದ್ದೆ ಮಣ್ಣು ಯಾವಾಗ್ಲೂ ಒಣ ಮಣ್ಣಿಗಿಂತ ಕಪ್ಪು. ಗುಂಡಿಗಳಲ್ಲಿ ನಿಂತ ನೀರಿಗೆ ಆಕಾಶದ ತಿಳಿ ಬೂದುನೇ ಅಡ್ಡಡ್ಡ ಎಳೀರಿ, ಹತ್ರ ಇರೋ ಕಾಂಡದ ಪ್ರತಿಬಿಂಬ ಅದರಲ್ಲಿ ಉದ್ದುದ್ದ ಒಂದೆರಡು ಗೆರೆ. ಹಳೇ ಟೂತ್‌ಬ್ರಷ್‌ಗೆ ತಿಳಿ ಬಣ್ಣ ಹಚ್ಚಿ ಹೆಬ್ಬೆರಳಲ್ಲಿ ಸಿಡಿಸಿದ್ರೆ ದಾರಿ ಮೇಲೆ ಕಲ್ಲುಪುಡಿ, ಹನಿ ಎರಡೂ ಬರುತ್ತೆ, ಮೇಲಿನ ಭಾಗ ಪೇಪರ್ ಹಾಕಿ ಮುಚ್ಕೊಂಡು ಮಾಡಿ ಅಷ್ಟೇ.

ಯಾವಾಗ ನಿಲ್ಲಿಸ್ಬೇಕು ಅನ್ನೋದು ಕಷ್ಟದ ಪ್ರಶ್ನೆ. ಗೋಡೆಗೆ ಒರಗಿಸಿ ಎರಡು ದಿನ ಓಡಾಡ್ತಾ ನೋಡಿ, ಕನ್ನಡಿಯಲ್ಲಿ ಹಿಡಿದು ನೋಡಿ, ಎಡಬಲ ತಿರುಗಿದಾಗ ವಾಲಿರೋದು, ತೂಕ ತಪ್ಪಿರೋದು ಗೊತ್ತಾಗಿಬಿಡುತ್ತೆ. ಜನವರಿಯಲ್ಲಿ ಬೆಂಗಳೂರಲ್ಲಿದ್ರೆ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ಹೋಗಿ, ಅಲ್ಲಿ ರಸ್ತೆ ಪೂರ್ತಿ ಚಿತ್ರಗಳು, ಅಕ್ರಿಲಿಕ್ ಬೇಕಾದಷ್ಟು ಇರುತ್ತೆ. ಎದುರಿಗೆ ನಿಂತು ನೋಡೋದಕ್ಕಿಂತ ಪಕ್ಕದಿಂದ, ಬೆಳಕು ಜಾರೋ ಕೋನದಲ್ಲಿ ಬಗ್ಗಿ ನೋಡಿ, ಎಲ್ಲಿ ದಪ್ಪ ಹಾಕಿದ್ದಾರೆ, ಎಲ್ಲಿ ಕೆಳಗಿನ ಲೇಯರ್ ಬಿಟ್ಟಿದ್ದಾರೆ ಎಲ್ಲಾ ಕಾಣುತ್ತೆ. ಕಲಾವಿದರು ಅಲ್ಲೇ ಕೂತಿರ್ತಾರೆ, ಕೇಳಿದ್ರೆ ಹೇಳ್ತಾರೆ, ಫೋಟೋ ತೆಗೆಯೋ ಮುಂಚೆ ಮಾತ್ರ ಕೇಳಿ ತೆಗೀರಿ.

ಬ್ರಷ್, ವಾರ್ನಿಶ್, ಇಡೋದು

ಬ್ರಷ್ ಕೆಲಸದ ಮಧ್ಯೆ ಒಣಗೋಕೆ ಬಿಡ್ಬೇಡಿ, ಹಾಗಂತ ಕೂದಲು ಕೆಳಗಾಗಿ ನೀರಿನ ಡಬ್ಬದಲ್ಲಿ ನಿಲ್ಲಿಸ್ಲೂಬೇಡಿ, ಬಾಗಿಹೋಗುತ್ತೆ, ತಗಡಿನ ಒಳಗೆ ನೀರು ಹೋಗಿ ಹಿಡಿ ಸಡಿಲ ಆಗುತ್ತೆ. ತಟ್ಟೇಲಿ ಮಲಗಿಸಿ ಒದ್ದೆ ಬಟ್ಟೆ ಮುಚ್ಚಿ. ಮುಗಿದ್ಮೇಲೆ ಮೊದಲು ಬಟ್ಟೇಲಿ ಬಣ್ಣ ಒರೆಸಿ, ಆಮೇಲೆ ಸೋಪು ಹಾಕಿ ಅಂಗೈಯಲ್ಲಿ ಉಜ್ಜಿ, ತಗಡು ಕೂದಲು ಸೇರೋ ಜಾಗ ಮುಖ್ಯ, ಬ್ರಷ್ ಸಾಯೋದು ಅಲ್ಲಿಂದಲೇ. ಗಟ್ಟಿಯಾಗಿರೋ ಬ್ರಷ್‌ನ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ನೆನೆಸಿದ್ರೆ ಸ್ವಲ್ಪ ಉಳಿಸ್ಬಹುದು. ಡಬ್ಬದ ಬಣ್ಣದ ನೀರನ್ನ ಸಿಂಕಿಗೆ ಸುರೀಬೇಡಿ, ಒಂದು ರಾತ್ರಿ ಇಟ್ರೆ ಬಣ್ಣದ ಗಸಿ ತುಂಬಾ ಮಟ್ಟಿಗೆ ತಳಕ್ಕೆ ಕೂರುತ್ತೆ, ಮೇಲಿನ ನೀರು ಬಸಿದು ಗಸಿಯನ್ನ ಪೇಪರ್‌ನಲ್ಲಿ ಒರೆಸಿ ಕಸಕ್ಕೆ ಹಾಕಿ, ಇಲ್ಲಾಂದ್ರೆ ಪೈಪೊಳಗೇ ಪ್ಲಾಸ್ಟಿಕ್ ಕಟ್ಕೊಳ್ಳುತ್ತೆ.

ವಾರ್ನಿಶ್‌ಗೆ ಅವಸರ ಬೇಡ. ಮೇಲೆ ಒಣಗಿದ್ರೂ ಒಳಗಿನ ನೀರು ಪೂರ್ತಿ ಹೋಗೋಕೆ ದಿನಗಳೇ ಬೇಕು, ದಪ್ಪ ಹಾಕಿದ್ರೆ ವಾರಗಳು. ತೆಳು ಚಿತ್ರಕ್ಕೂ ಒಂದು ವಾರ ಬಿಡಿ, ಮಳೆಗಾಲದಲ್ಲಿ ಎರಡು. ಅಕ್ರಿಲಿಕ್ ವಾರ್ನಿಶ್ ಅಂತಲೇ ಇರೋದನ್ನ ತಗೊಂಡು, ಚಿತ್ರ ಮಲಗಿಸಿ, ಮೆತ್ತನೆ ಅಗಲ ಬ್ರಷ್‌ನಲ್ಲಿ ಎರಡು ತೆಳು ಕೋಟ್, ಬಳಿದ ಜಾಗಕ್ಕೆ ವಾಪಸ್ ಹೋಗ್ಬೇಡಿ. ಸ್ಪ್ರೇ ವಾರ್ನಿಶ್ ಆದ್ರೆ ಜೋರು ಮಳೆ ದಿನ ಬೇಡ, ತೇವ ಸಿಕ್ಕಾಕೊಂಡು ಬೆಳ್ಳಗೆ ಮಬ್ಬಾಗೋ ಸಾಧ್ಯತೆ ಇದೆ. ಈ ಮಂಜಿನ ಚಿತ್ರಕ್ಕೆ ಮ್ಯಾಟ್ ಅಥವಾ ಸ್ಯಾಟಿನ್ ಒಳ್ಳೇದು, ಹೊಳಪಿನ ವಾರ್ನಿಶ್ ಹಾಕಿದ್ರೆ ಕತ್ತಲೆ ತೋಟದಲ್ಲಿ ನಿಮ್ಮನೆ ಟ್ಯೂಬ್‌ಲೈಟೇ ಕಾಣುತ್ತೆ. ಬೋರ್ಡ್, ಕ್ಯಾನ್ವಾಸ್‌ಗೆ ಫ್ರೇಮಿನಲ್ಲಿ ಗಾಜು ಬೇಕಿಲ್ಲ, ಪೇಪರ್ ಮೇಲೆ ಮಾಡಿದ್ರೆ ಗಾಜು ಬೇಕು, ಆದ್ರೆ ಗಾಜು ಚಿತ್ರಕ್ಕೆ ತಾಗ್ದಂಗೆ ನಡುವೆ ಮೌಂಟ್ (ಸುತ್ತ ಬರೋ ದಪ್ಪ ರಟ್ಟಿನ ಅಂಚು) ಹಾಕಿಸಿ.

ಮುಗಿಸಿದ ಚಿತ್ರಗಳನ್ನ ಮುಖಕ್ಕೆ ಮುಖ ಸೇರಿಸಿ ಜೋಡಿಸಿಡ್ಬೇಡಿ. ಅಕ್ರಿಲಿಕ್ ಪದರ ಪೂರ್ತಿ ಗಟ್ಟಿ ಆಗಲ್ಲ, ಬೇಸಿಗೆ ಶಾಖಕ್ಕೆ ಮೆತ್ತಗಾಗಿ ಒಂದಕ್ಕೊಂದು ಅಂಟ್ಕೊಂಡುಬಿಡುತ್ತೆ, ಎಳೆದ್ರೆ ಎರಡೂ ಹಾಳು. ನಡುವೆ ಬಟರ್ ಪೇಪರ್ ಇಡಿ, ಬಬಲ್ ರ‍್ಯಾಪ್‌ನಲ್ಲಿ ಸುತ್ತೋದಾದ್ರೂ ಮೊದಲು ಬಟರ್ ಪೇಪರ್, ಆಮೇಲೆ ಬಬಲ್ ರ‍್ಯಾಪ್, ಗುಳ್ಳೆ ಇರೋ ಮುಖ ಹೊರಗಡೆಗೆ. ಕರಾವಳಿ ಮಲೆನಾಡಿನ ಮನೆಗಳಲ್ಲಿ ಹೊರಗೋಡೆಗೆ ಒರಗಿಸಿಡೋದು ಬೇಡ, ಮಳೆಗಾಲದಲ್ಲಿ ಗೋಡೆ ಬೆವರಿ ಬೋರ್ಡಿನ ಹಿಂದೆ ಬೂಷ್ಟು ಹಿಡಿಯುತ್ತೆ, ಒಳಗೋಡೆ ಪಕ್ಕ, ನೆಲದಿಂದ ಸ್ವಲ್ಪ ಮೇಲೆ, ಹಿಂದೆ ಗಾಳಿ ಆಡೋಷ್ಟು ಜಾಗ ಬಿಟ್ಟು ನಿಲ್ಲಿಸಿಡಿ.